‘ನಿನಗೆ ಇದೆಲ್ಲ ಹೇಗೆ ಗೊತ್ತು?’

ಮದುವೆಯಾಗಿ ಕೆಲವು ವರ್ಷ ಕಳೆದ ದಂಪತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಲಹೆಗಾಗಿ ಹೆಂಡತಿಯನ್ನು ನನ್ನ ಬಳಿಗೆ ಕರೆತಂದವನು ಗಂಡನೇ. ‘ಇವಳಿಗೆ ಲೈಂಗಿಕತೆಯಲ್ಲಿ ಆಸಕ್ತಿಯೇ ಇಲ್ಲ ಮೇಡಂ, ಪರೀಕ್ಷೆಗಳಲ್ಲಿ ಎಲ್ಲ ಸರಿಯಾಗಿದೆ’ ಎಂದ. ಆಕೆ ತಲೆ ತಗ್ಗಿಸಿ, ‘ನನ್ನಲ್ಲೇ ಏನೋ ಕೊರತೆ ಇರಬೇಕು’ ಎಂದಳು. ಈ ಮಾತನ್ನು ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ಇದನ್ನು ಬರೆಯುತ್ತಿರುವುದೂ ಅದಕ್ಕಾಗಿಯೇ.

ಮುಂದಿನ ಭೇಟಿಗೆ ಆಕೆಯೊಬ್ಬಳನ್ನೇ ಬರಹೇಳಿದೆ. ನೋವಿದೆಯೇ ಎಂದು ಮೊದಲು ಕೇಳಿದೆ. ಇದ್ದಿದ್ದರೆ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸುತ್ತಿದ್ದೆ. ನೋವಿರಲಿಲ್ಲ. ತೃಪ್ತಿ ಸಿಗುತ್ತದೆಯೇ ಎಂದಾಗ, ‘ಸಿಕ್ಕಂತೆ ನಟಿಸುತ್ತೇನೆ’ ಎಂದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ‘ನಾನೇ ಮುಟ್ಟಿಕೊಂಡಾಗ ಸಿಗುತ್ತದೆ. ಅದು ತಪ್ಪಲ್ಲವೇ?’ ಎಂದು ಕೇಳಿದಳು.

ತಪ್ಪಲ್ಲ ಎಂದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಯೋನಿದ್ವಾರದ ಮೇಲ್ಭಾಗದಲ್ಲಿರುವ, ಹೆಣ್ಣಿನ ಸುಖದ ಮುಖ್ಯ ಅಂಗವಾದ ಚಂದ್ರನಾಡಿಯ (ಕ್ಲಿಟೋರಿಸ್) ತುದಿಯಷ್ಟೇ ಹೊರಗೆ ಕಾಣುತ್ತದೆ. ಉಳಿದದ್ದು ಒಳಗೆ ಎರಡು ಕವಲುಗಳಾಗಿ ಹರಡಿ ಯೋನಿದ್ವಾರದ ಇಕ್ಕೆಲಗಳನ್ನು ಆವರಿಸಿರುತ್ತದೆ. ಭ್ರೂಣದಲ್ಲಿ ಶಿಶ್ನ ರೂಪುಗೊಳ್ಳುವ ಅಂಗಾಂಶದಿಂದಲೇ ಇದೂ ಬೆಳೆಯುತ್ತದೆ. ಉದ್ರೇಕವಾದಾಗ ಇದರಲ್ಲೂ ರಕ್ತ ತುಂಬಿಕೊಳ್ಳುತ್ತದೆ. ಯೋನಿಯ ಒಳಭಾಗದಲ್ಲಿ ಸ್ಪರ್ಶದ ಅರಿವು ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಬರೀ ಸಂಭೋಗದಿಂದ ಸುಖದ ತುದಿ ಮುಟ್ಟದ ಹೆಂಗಸರೇ ಹೆಚ್ಚು. 2017ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಅದೊಂದೇ ಸಾಕು ಎಂದವರು ಶೇ 18ರಷ್ಟು ಮಾತ್ರ.

‘ಇದನ್ನು ನಿಮ್ಮ ಗಂಡನಿಗೂ ಹೇಳಿ’ ಎಂದೆ.

‘ಹೇಳಿದರೆ, ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುತ್ತಾರೆ ಮೇಡಂ. ಮೊದಲ ರಾತ್ರಿ ರಕ್ತ ಬರಲಿಲ್ಲವೆಂದು ಆಗಲೇ ಒಮ್ಮೆ ಕೇಳಿದ್ದಾರೆ.’

ಇಡೀ ಪ್ರಕರಣ ಈ ಮಾತಿನಲ್ಲಿತ್ತು. ತನ್ನ ದೇಹದ ಬಗ್ಗೆ ಏನೂ ತಿಳಿಯದವಳೇ ಒಳ್ಳೆಯವಳು ಎಂಬ ನಂಬಿಕೆಗೆ ಅಂಜಿ ಆಕೆ ಇಷ್ಟು ವರ್ಷ ತನ್ನನ್ನು ತಾನೇ ರೋಗಿಯಾಗಿಸಿಕೊಂಡಿದ್ದಳು. ಯೋನಿದ್ವಾರದ ಅಂಚಿನ ತೆಳುಪೊರೆಯಾದ ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯದು. ಮೊದಲ ಸಲ ರಕ್ತ ಬಾರದವರು ಬಹಳ ಮಂದಿ. ಕನ್ಯಾಪೊರೆಯನ್ನು ನೋಡಿ ಕನ್ಯತ್ವ ನಿರ್ಧರಿಸಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇಷ್ಟಾದರೂ ಇಲ್ಲದ ರಕ್ತದ ಕಲೆಯ ಹೆಸರಿನಲ್ಲಿ ಹೆಣ್ಣಿನ ನಡತೆ ಅಳೆಯುವುದು ನಿಂತಿಲ್ಲ. ನನಗೆ ಇದರಷ್ಟು ಸಿಟ್ಟು ತರಿಸುವ ಸಂಗತಿ ಬೇರೆ ಇಲ್ಲ.

ನಾನು ಕೊಟ್ಟ ಸಲಹೆ ಇದು. ಇಂದಿನಿಂದ ನಟನೆ ಬೇಡ. ಹಿಂದಿನದನ್ನು ಈಗಲೇ ಒಪ್ಪಿಸಬೇಕಾಗಿಲ್ಲ. ದೇಹದ ವಿಷಯವನ್ನು ನಿಮ್ಮ ಗಂಡನಿಗೆ ನಾನೇ, ನಿಮ್ಮೆದುರಿಗೆ ಹೇಳುತ್ತೇನೆ.

ಹೆಂಡತಿಯೇ ಬಾಯಿಬಿಟ್ಟು ಹೇಳಲು ಕಲಿಯಬೇಕಿತ್ತು, ನಟನೆಯನ್ನು ಮುಚ್ಚಿಟ್ಟದ್ದು ಅಪ್ರಾಮಾಣಿಕತೆ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಅನುಮಾನಿಸುವ ಗಂಡನ ಮುಂದೆ ತಪ್ಪೊಪ್ಪಿಗೆ ಮಾಡಿಸಿದರೆ ಮನೆಗೆ ಹೋದ ಮೇಲೆ ಅದರ ಫಲ ಅನುಭವಿಸುವವಳು ಆಕೆ, ನಾವಲ್ಲ. ಮೊದಲು ನೆಲ ಗಟ್ಟಿಯಾಗಲಿ.

ಗಂಡ ಚಿತ್ರ ನೋಡಿ, ‘ಹಾಗಾದರೆ ಕೊರತೆ ನನ್ನದೇ?’ ಎಂದ. ಯಾರದ್ದೂ ಅಲ್ಲ ಎಂದೆ. ಚಂದ್ರನಾಡಿಯ ಪೂರ್ಣ ರಚನೆಯನ್ನು ಪಠ್ಯಪುಸ್ತಕಗಳೇ ಸರಿಯಾಗಿ ತೋರಿಸಿರಲಿಲ್ಲವೆಂದು ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಒ’ಕಾನಲ್ 1998ರಲ್ಲಿ ತೋರಿಸಿಕೊಡಬೇಕಾಯಿತು. ವೈದ್ಯರಿಗೇ ತಿಳಿಯದ್ದು ನಿಮಗೆ ತಿಳಿಯದಿದ್ದರೆ ಅವಮಾನವೇನಿಲ್ಲ ಎಂದೆ. ಕೆಲವು ವಾರ ಸಂಭೋಗದ ಗುರಿಯಿಲ್ಲದೆ ಸ್ಪರ್ಶಕ್ಕಷ್ಟೇ ಸಮಯ ಕೊಡಿ, ಎಲ್ಲಿ, ಹೇಗೆ ಎಂಬುದನ್ನು ಆಕೆಯ ಕೈ ತೋರಿಸಲಿ, ಬೇಡ ಎಂದಾಗ ಅಲ್ಲಿಗೇ ನಿಲ್ಲಿಸಿ ಎಂದು ಇಬ್ಬರಿಗೂ ಹೇಳಿದೆ. ಕನ್ಯಾಪೊರೆಯ ವಿಷಯವನ್ನೂ ಎತ್ತಿದೆ, ಆತ ಉತ್ತರಿಸಲಿಲ್ಲ.

ಕೆಲವು ತಿಂಗಳ ನಂತರ ಇಬ್ಬರೂ ಬಂದರು. ನಟನೆ ನಿಂತಿದೆ, ಕೆಲವೊಮ್ಮೆ ಸುಖ ಸಿಗುತ್ತದೆ, ಕೆಲವೊಮ್ಮೆ ಇಲ್ಲ ಎಂದು ಆಕೆ ಗಂಡನೆದುರಿಗೇ ಹೇಳಿದಳು. ಆತನ ಅನುಮಾನ ಪೂರ್ತಿ ಹೋಗಿಲ್ಲ. ಅದಕ್ಕಾಗಿ ಈಗ ಆತನೊಬ್ಬನನ್ನೇ ಕರೆದು ಮಾತನಾಡುತ್ತಿದ್ದೇನೆ.