ಫೋನಲ್ಲಿರೋ ಫೋಟೋ, ವಿಡಿಯೋ ಎಲ್ಲಾ ಮನೆ ಕಂಪ್ಯೂಟರ್‌ಗೆ ಹಾಕಿ ಫೋನ್ ಖಾಲಿ ಮಾಡ್ಬೇಕು, ಯಾವ ಸಾಫ್ಟ್‌ವೇರ್ ಒಳ್ಳೇದು?

ಸಾಫ್ಟ್‌ವೇರ್ ಮಾತು ಆಮೇಲೆ. "ಫೋನ್ ಖಾಲಿ ಮಾಡ್ಬೇಕು" ಅಂದ್ರಲ್ಲ, ಮೊದ್ಲು ಅಲ್ಲೇ ನಿಲ್ರಿ.

2020ರಲ್ಲಿ ನಾನೂ ಇದೇ ಕೆಲ್ಸಕ್ಕೆ ಕೂತಿದ್ದೆ, ದಾವಣಗೆರೆ ನಮ್ಮನೇಲಿ, ಹಳೇ ಡೆಸ್ಕ್‌ಟಾಪ್ ಮುಂದೆ. 32 ಜಿಬಿ ಫೋನು, ದಿನಾ ಸ್ಟೋರೇಜ್ ಫುಲ್ ಅಂತಿತ್ತು. ಅದ್ರಲ್ಲಿ ಅಕ್ಕನ ಮದುವೇದೆಲ್ಲಾ ಇತ್ತು, ಅರಿಶಿಣ ಕುಟ್ಟೋವಾಗ ನಮ್ಮಜ್ಜಿ ಸೋಬಾನೆ ಪದ ಹಾಡಿದ್ದು 6 ನಿಮಿಷದ ವಿಡಿಯೋನೂ ಇತ್ತು. ಕ್ಯಾಮೆರಾ ಕಂಡ್ರೆ ಸೆರಗು ಮುಖಕ್ಕೆ ಎಳ್ಕೊಳ್ಳೋಳು, ಅವತ್ತು ನಾನು ಬಾಗಿಲ ಸಂದೀಲಿ ನಿಂತಿದ್ದು ಗೊತ್ತಾಗ್ಲಿಲ್ಲ, ಒನಕೆ ಸದ್ದಿಗೆ ಸರಿಯಾಗಿ ಹಾಡ್ತಾನೇ ಹೋದ್ಳು.

ಕೇಬಲ್ ಹಾಕ್ದೆ, ಕಾಪಿ ಕೊಟ್ಟೆ, ಪೇಸ್ಟ್ ಕೊಟ್ಟೆ. ಕೇಬಲ್ ಪಿನ್ನು ಸಡ್ಲ, ಮಧ್ಯೆ ಎರಡು ಸಲ ಕಟ್ ಆಯ್ತು. ಮತ್ತೆ ಪೇಸ್ಟ್ ಮಾಡ್ದಾಗ ಇದೇ ಹೆಸ್ರಿನ ಫೈಲ್ ಆಗ್ಲೇ ಐತೆ, ರಿಪ್ಲೇಸ್ ಮಾಡ್ಲಾ ಸ್ಕಿಪ್ ಮಾಡ್ಲಾ ಅಂತ ಕೇಳ್ತು. ಬಂದಿರೋದನ್ನ ಮತ್ಯಾಕೆ ತರೋದು ಅಂತ ಸ್ಕಿಪ್ ಒತ್ತಿದೆ. ತಪ್ಪಾಗಿದ್ದು ಇಲ್ಲೇ. ಕೇಬಲ್ ಕಟ್ ಆದ ಗಳಿಗೇಲಿ ಯಾವ ಫೈಲ್ ಬರ್ತಾ ಇತ್ತೋ ಅದು ಅರ್ಧಕ್ಕೇ ನಿಂತಿತ್ತು, ಆದ್ರೆ ಹೆಸ್ರು ಮಾತ್ರ ಪೂರ್ತಿ ಇತ್ತು, ಕಂಪ್ಯೂಟರ್ ನೋಡಿದ್ದು ಆ ಹೆಸ್ರನ್ನೇ, ನಾನು ಸ್ಕಿಪ್ ಅಂದಿದ್ದಕ್ಕೆ ಆ ಅರ್ಧ ಫೈಲೇ ಉಳ್ಕೊಂಡ್ತು. ರಿಪ್ಲೇಸ್ ಅಂದಿದ್ರೆ ಮುಗೀತಿತ್ತು! ಎಣಿಕೆ ಸರಿ ಬಂತು ಅಂತ ಒಂದೂ ತೆಗೆದು ನೋಡ್ದೆ ಫೋನಿಂದ ಎಲ್ಲಾ ಡಿಲೀಟ್ ಮಾಡ್ದೆ.

ಮರುವರ್ಷ ಅಜ್ಜಿ ತೀರ್ಕೊಂಡ್ಳು. ಶಿವಗಣಾರಾಧನೆ ದಿನ ಎಲ್ರಿಗೂ ತೋರ್ಸೋಣ ಅಂತ ಓಪನ್ ಮಾಡಿದ್ರೆ ಪ್ಲೇ ಆಗ್ಲಿಲ್ಲ, 6 ನಿಮಿಷದ್ದು ಬರೀ 190 ಎಂಬಿ ಇತ್ತು. ಫೋಟೋ ಅರ್ಧ ಬಂದ್ರೆ ಮೇಲ್ಭಾಗ ಆದ್ರೂ ಕಾಣುತ್ತೆ, ಕೆಳಗೆ ಬೂದಿ ಬಣ್ಣ. ವಿಡಿಯೋ ಹಂಗಲ್ಲ, ಯಾವ ಚಿತ್ರ ಎಲ್ಲೈತೆ ಅನ್ನೋ ಪಟ್ಟೀನ ಫೋನು ಸಾಮಾನ್ಯವಾಗಿ ಫೈಲಿನ ಕೊನೇಲಿ ಬರ್ಯುತ್ತೆ, ಆ ಬಾಲ ಬರ್ಲಿಲ್ಲ ಅಂದ್ರೆ ಪ್ಲೇಯರ್‌ಗೆ ಏನೂ ತಿಳಿಯಲ್ಲ. ರಿಪೇರಿ ಅಂಗಡೀಲೂ ಕೈ ಚೆಲ್ಲಿದ್ರು.

ನಿಮಗೆ ಸಾಫ್ಟ್‌ವೇರೇ ಬೇಡ. ಕೇಬಲ್ ಹಾಕಿ ನೋಟಿಫಿಕೇಶನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸ್ರಿ (ಕೆಲವು ಕೇಬಲ್ ಬರೀ ಚಾರ್ಜಿಂಗ್‌ದು, ಅದ್ರಲ್ಲಿ ಈ ಆಯ್ಕೇನೇ ಬರಲ್ಲ). ಕ್ಯಾಮೆರಾದ ಫೋಟೋ, ವಿಡಿಯೋ ಇರೋ ಡಿಸಿಐಎಂ ಫೋಲ್ಡರ್ ಕಾಪಿ ಮಾಡ್ರಿ, ಕಟ್ ಅಂತೂ ಬೇಡ್ವೇ ಬೇಡ. ವಾಟ್ಸಾಪ್‌ದು ಈಗಿನ ಫೋನ್‌ಗಳಲ್ಲಿ ಆಂಡ್ರಾಯ್ಡ್ ಫೋಲ್ಡರ್, ಅದ್ರೊಳಗೆ ಮೀಡಿಯಾ, ಅದ್ರೊಳಗಿರುತ್ತೆ. ಒಂದೇ ಸಲ ಎಲ್ಲಾ ಎಳೀಬೇಡ್ರಿ, ಸ್ವಲ್ಪ ಸ್ವಲ್ಪ ತರ್ರಿ. ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಎಣಿಕೆ ಜೊತೆ ಸೈಜ್ ಕೂಡ ಹೋಲ್ಸಿ ನೋಡ್ರಿ, ದೊಡ್ಡ ವಿಡಿಯೋಗಳನ್ನ ಕೊನೇವರೆಗೂ ಓಡ್ಸಿ ನೋಡ್ರಿ.

ಇಷ್ಟಾದ್ರೂ ಫೋನಿಂದ ಅಳಿಸ್ಬೇಡ್ರಿ. ಅಳಿಸಿದ್ರೆ ಅದು ಬ್ಯಾಕಪ್ ಅಲ್ಲ, ಜಾಗ ಬದಲಾಯ್ಸಿದ್ದು ಅಷ್ಟೇ, ಮನೆ ಹಾರ್ಡ್‌ಡಿಸ್ಕ್ ಕೆಟ್ರೆ ಎಲ್ಲಾ ಹೋಯ್ತು. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ಅದಕ್ಕೂ ಹಾಕಿ, ಆಮೇಲೆ ಜಾಗ ಮಾಡ್ಕೊಳ್ರಿ. ಗೂಗಲ್ ಫೋಟೋಸ್ ಐತಲ್ಲ ಅಂತೀರೇನೋ, ಫ್ರೀ ಇರೋದು 15 ಜಿಬಿ, ಅದ್ರಲ್ಲೇ ಜಿಮೇಲ್ ಕೂಡ, ಅದೂ ಅಲ್ದೆ ಆ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದ್ರೆ ಫೋನು, ಗೂಗಲ್ ಎರಡೂ ಕಡೆ ಹೋಗುತ್ತೆ.

ಹೊಸದುರ್ಗದ ಚಿಕ್ಕಮ್ಮಂಗೆ ನಾನು ವಾಟ್ಸಾಪ್‌ನಲ್ಲಿ ಕಳ್ಸಿದ್ದ ಅಜ್ಜಿ ಹಾಡಿನ ಒಂದು ತುಂಡು ಅವ್ರ ಫೋನಲ್ಲಿ ಉಳಿದಿತ್ತು. 40 ಸೆಕೆಂಡು, ಮುಖ ಮಸುಕು, ದನಿ ಮಾತ್ರ ಸ್ಪಷ್ಟ. ಈಗ ಅದನ್ನ ಮೂರು ಕಡೆ ಇಟ್ಟಿದೀನಿ.