ಹಿತ್ತಲ ಬಾಳೆ: ಹಸಿರಾಗೇ ಹಣ್ಣಾಗೋ ಕಾಯಿ, ಒಟ್ಟಿಗೇ ಮಾಗೋ ಗೊನೆ

ಪ್ರಶ್ನೆ: ಮನೆ ಹಿಂದೆ ಬೆಳೆದ ಪಚ್ಚಬಾಳೆ ಗೊನೆ ಕಡಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ವಿ. ಸಿಪ್ಪೆ ಹಸಿರಾಗೇ ಇತ್ತು, ಇನ್ನೂ ಆಗಿಲ್ಲ ಅಂತ ಕಾಯ್ತಾ ಇದ್ವಿ, ಕೊನೆಗೆ ಸುಲಿದು ನೋಡಿದ್ರೆ ಒಳಗೆ ಪೂರ್ತಿ ಮೆತ್ತಗಾಗಿ ಹುಳಿ ವಾಸನೆ ಬರ್ತಿತ್ತು. ಹಳದಿ ಯಾಕೆ ಆಗ್ಲಿಲ್ಲ?

ಉತ್ತರ: ನಿಮ್ಮ ಕಾಯಿ ಸರಿಯಾಗೇ ಹಣ್ಣಾಗಿತ್ತು, ಬಣ್ಣ ಬರ್ಲಿಲ್ಲ ಅಷ್ಟೆ. ಪಚ್ಚಬಾಳೆ, ಅಂದ್ರೆ ಕ್ಯಾವೆಂಡಿಶ್ ಗುಂಪಿನ ಬಾಳೇಲಿ ಎರಡು ಕೆಲ್ಸ ಜೊತೆಜೊತೆಗೆ ನಡೀಬೇಕು: ಒಳಗಿನ ಪಿಷ್ಟ ಸಕ್ಕರೆ ಆಗ್ಬೇಕು, ಸಿಪ್ಪೆಯ ಹಸಿರು ಅಳಿದು ಅದರಡಿ ಇರೋ ಹಳದಿ ಕಾಣ್ಬೇಕು. ಒಳಗಿನ ಕೆಲ್ಸ ಸೆಖೆ ಇದ್ರೆ ಇನ್ನೂ ಜೋರಾಗುತ್ತೆ, ಆದ್ರೆ ಹಸಿರು ಅಳಿಯೋ ಕೆಲ್ಸ ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟ್ತಿದ್ದ ಹಾಗೆ ಹಿಂದೆ ಬೀಳೋಕೆ ಶುರುವಾಗುತ್ತೆ, 30ರ ಮೇಲಂತೂ ಸಿಪ್ಪೆ ಹಸಿರಾಗಿರುವಾಗ್ಲೇ ಒಳಗೆ ಹಣ್ಣು ಕಳಿತು ಹೋಗಿರುತ್ತೆ. ವ್ಯಾಪಾರಕ್ಕೆ ಮಾಗಿಸೋರು ಕೋಣೆನ 16ರಿಂದ 20 ಡಿಗ್ರಿ ಆಸುಪಾಸಲ್ಲಿ ತಂಪಾಗಿಟ್ಟು ಕಾಯಿನ ಮಾಗಿಸೋ ಎಥಿಲೀನ್ ಅನಿಲ ಬಿಡೋದು, ಅಂಗಡಿ ಹಣ್ಣಿಗೆ ಆ ಹಳದಿ ಬರೋದೇ ಅದರಿಂದ.

ಇನ್ನೊಂದು ವಿಷ್ಯ ಇದೆ, ಇದನ್ನ ತುಂಬಾ ಜನ ಗಮನಿಸಲ್ಲ. ಮಾಗ್ತಾ ಇರೋ ಕಾಯಿ ಉಸಿರಾಡುತ್ತೆ, ಉಸಿರಾಡ್ತಾ ತಾನೇ ಬಿಸಿ ಹುಟ್ಟಿಸುತ್ತೆ, ಹಾಗಾಗಿ ಚಿಪ್ಪುಗಳನ್ನ ಒಂದರ ಮೇಲೊಂದು ಒಟ್ಟಿ ಚೀಲ ಬಿಗಿದ್ರೆ ಒಳಗಿನ ಬಿಸಿ ರೂಮಿಗಿಂತ ಜಾಸ್ತಿ ಆಗುತ್ತೆ, ಗಾಳಿಯೂ ಆಡಲ್ಲ. ಮನೇಲಿ ಅತಿ ತಣ್ಣಗಿರೋ ಜಾಗ ಹುಡುಕಿ, ಬಿಸಿಲು ತಾಗದ ಕೋಣೆಯ ನೆಲ ಆದ್ರೂ ಸರಿ, ಚಿಪ್ಪು ಬಿಡಿಸಿ ಒಂದೇ ಪದರದಲ್ಲಿ ಹರಡಿ, ಮೇಲೆ ಒಂದು ಗೋಣಿಚೀಲ ಹೊದಿಸಿ. ಗಾಳಿ ತೀರಾ ಒಣಗಿದ್ರೆ ಸಿಪ್ಪೆ ಸುಕ್ಕಾಗುತ್ತೆ, ಆಗ ಗೋಣಿಗೆ ಸ್ವಲ್ಪ ನೀರು ಚಿಮುಕಿಸಿ. ಸೆಖೆಗಾಲದಲ್ಲಿ ದಯವಿಟ್ಟು ಬಣ್ಣ ನಂಬ್ಬೇಡಿ, ದಿನಾ ಒಂದು ಸಲ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಮೂಸಿ ನೋಡಿ. ಸ್ವಲ್ಪ ಮೆತ್ತಗಾಗಿ ಘಮ ಬಂತು ಅಂದ್ರೆ ಹಸಿರಿದ್ರೂ ಸುಲಿದು ತಿನ್ನಿ, ರುಚಿಗೇನೂ ಕಮ್ಮಿ ಇರಲ್ಲ.

ಪ್ರಶ್ನೆ: ಗೊನೆ ಕಡಿಯೋಕೆ ಸರಿಯಾದ ಟೈಮ್ ಯಾವುದು? ಗಿಡದಲ್ಲೇ ಹಣ್ಣಾಗಲಿ ಅಂತ ಬಿಟ್ರೆ ಕಾಯಿ ಸೀಳ್ತಿದೆ.

ಉತ್ತರ: ಗಿಡದಲ್ಲೇ ಪೂರ್ತಿ ಹಣ್ಣಾಗೋಕೆ ಬಿಡ್ಬೇಡಿ. ಸಿಪ್ಪೆ ಸೀಳುತ್ತೆ, ಅದ್ರಲ್ಲೂ ಒಣಹವೆ ಆದ್ಮೇಲೆ ಜೋರು ಮಳೆ ಬಿದ್ರೆ, ತಿರುಳು ಹಿಟ್ಟುಹಿಟ್ಟಾಗುತ್ತೆ, ಅಷ್ಟರಲ್ಲಿ ಅಳಿಲು ಬಾವಲಿ ಹಕ್ಕಿಗಳೂ ಬಂದಿರುತ್ವೆ. ಕಾಯಿಯ ಏಣು, ಅಂದ್ರೆ ಉದ್ದಕ್ಕೆ ಎದ್ದಿರೋ ಅಂಚು, ನೋಡಿ. ಎಳೆ ಕಾಯಿಗೆ ಏಣು ಚೂಪಾಗಿ ಎದ್ದು ಕಾಣುತ್ತೆ, ಬಲಿತಾ ಬಲಿತಾ ತುಂಬ್ಕೊಂಡು ದುಂಡಗಾಗುತ್ತೆ, ತುದಿಯಲ್ಲಿ ಒಣಗಿರೋ ಹೂವು ಮುಟ್ಟಿದ್ರೆ ಉದುರುತ್ತೆ. ಮೇಲಿನ ಚಿಪ್ಪಿನಲ್ಲಿ ಏಣು ಬಹುಪಾಲು ಮಾಯ ಆಯ್ತು ಅಂದ್ರೆ ಕಡೀರಿ. ಹೂವು ಬಿಟ್ಟಲ್ಲಿಂದ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಹಿಡಿಯುತ್ತೆ, ತಂಪು ಕಾಲ ಆದ್ರೆ ಇನ್ನೂ ಜಾಸ್ತಿ, ಅದಕ್ಕೇ ಕ್ಯಾಲೆಂಡರ್ ನೋಡಿ ಕಡಿಯೋದು ಬೇಡ. ಕೆಲವು ತಳಿಗಳಲ್ಲಿ ಏಣು ಪೂರ್ತಿ ಹೋಗೋದೇ ಇಲ್ಲ, ಅಂಥದ್ದಕ್ಕೆ ಒಣಗಿದ ಹೂವಿನ ಗುರುತೇ ಸಾಕು. ಕಡಿಯುವಾಗ ಇಬ್ರಿರಿ, ಒಬ್ರು ಗೊನೆ ಹಿಡ್ಕೊಳ್ಳಿ, ಇನ್ನೊಬ್ರು ಮರದ ನಡುವಲ್ಲಿ ಅರ್ಧ ಕಚ್ಚು ಹಾಕಿದ್ರೆ ಅದು ನಿಧಾನಕ್ಕೆ ಬಾಗುತ್ತೆ. ಸೊನೆ ಬಟ್ಟೆಗೆ ತಾಗಿದ್ರೆ ಕಲೆ ಹೋಗಲ್ಲ, ಹಳೇ ಬಟ್ಟೆ ಹಾಕ್ಕೊಳ್ಳಿ.

ಪ್ರಶ್ನೆ: ಇಡೀ ಗೊನೆ ಒಟ್ಟಿಗೇ ಹಣ್ಣಾಗಿ ತಿನ್ನೋಕಾಗದೆ ಹಾಳಾಗುತ್ತೆ. ಫ್ರಿಜ್ಜಲ್ಲಿ ಇಡಬಹುದಾ? ಬೇಗ ಬೇಕಾದಾಗ ಕಾರ್ಬೈಡ್ ಹಾಕಬಹುದಾ?

ಉತ್ತರ: ಕಾರ್ಬೈಡ್ ಮಾತ್ರ ಬೇಡವೇ ಬೇಡ, ಅದ್ರಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುತ್ತೆ. ಬೇಗ ಬೇಕು ಅಂದ್ರೆ ಒಂದು ಚಿಪ್ಪಿನ ಜೊತೆ ಚೆನ್ನಾಗಿ ಕಳಿತ ಬಾಳೆಹಣ್ಣೋ ಸೇಬೋ ಇಟ್ಟು ಕಾಗದದ ಚೀಲದಲ್ಲಿ ಸಡಿಲವಾಗಿ ಮುಚ್ಚಿಡಿ, ಅದರಿಂದ ಬರೋ ಎಥಿಲೀನೇ ಕಾಯಿನ ಎಬ್ಬಿಸುತ್ತೆ. ನಿಧಾನ ಆಗ್ಬೇಕು ಅಂದ್ರೆ ಇದೇ ಕಾರಣಕ್ಕೆ ಉಲ್ಟಾ ಮಾಡಿ: ಗೊನೆ ಇನ್ನೂ ಕಾಯಿಯಾಗಿರುವಾಗ್ಲೇ ಚಿಪ್ಪು ಬಿಡಿಸಿ ಬೇರೆ ಬೇರೆ ರೂಮಲ್ಲಿಡಿ, ಮೊದಲು ಹಣ್ಣಾಗಿದ್ದನ್ನ ಉಳಿದವುಗಳಿಂದ ದೂರ ಮಾಡಿ. ಮೇಲಿನ ಚಿಪ್ಪು ಮೊದಲು ಬಲಿಯುತ್ತೆ, ಹಾಗಾಗಿ ಗೊನೆ ಮರದಲ್ಲಿರುವಾಗ್ಲೇ ಮೇಲಿಂದ ಒಂದೊಂದೇ ಚಿಪ್ಪು ಕತ್ತರಿಸ್ತಾ ಬರಬಹುದು, ಚಿಕ್ಕ ಕುಟುಂಬಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ. ಕಾಯಿನ ಫ್ರಿಜ್ಜಲ್ಲಿ ಇಡ್ಬೇಡಿ, 13 ಡಿಗ್ರಿಗಿಂತ ಕೆಳಗೆ ಹೋದ್ರೆ ಅದಕ್ಕೆ ಚಳಿ ಹೊಡೆದು ಸಿಪ್ಪೆ ಕಪ್ಪಾಗುತ್ತೆ, ಆಮೇಲೆ ಹೊರಗೆ ತೆಗೆದ್ರೂ ಸರಿಯಾಗಿ ಮಾಗಲ್ಲ. ಹಣ್ಣಾದ್ಮೇಲೆ ಇಡಬಹುದು, ಸಿಪ್ಪೆ ಕಪ್ಪಾದ್ರೂ ಒಳಗೆ ಚೆನ್ನಾಗೇ ಇರುತ್ತೆ. ಸುಲಿದು ಫ್ರೀಜರಲ್ಲೂ ಇಡಬಹುದು.

ಪ್ರಶ್ನೆ: ಹೂವು ಬಂದ ಕೂಡ್ಲೇ ಗೊಬ್ಬರ ಹಾಕಿದೀವಿ, ಆದ್ರೂ ಪ್ರತಿ ಸಲ ಗೊನೆ ಚಿಕ್ಕದು, ಕಾಯಿ ಸಣ್ಣ. ಬುಡದಲ್ಲಿ ಹತ್ತಾರು ಮರಿ ಇದ್ದಾವೆ.

ಉತ್ತರ: ಆ ಹತ್ತಾರು ಮರಿಗಳೇ ಗೊನೆ ಪಾಲು ತಿಂತಾ ಇರೋದು. ಒಂದು ಬುಡಕ್ಕೆ ಗೊನೆ ಹಾಕೋ ತಾಯಿಗಿಡ ಒಂದು, ಅರ್ಧ ಬೆಳೆದಿದ್ದು ಒಂದು, ಪುಟ್ಟದು ಒಂದು, ಇಷ್ಟು ಸಾಕು. ಉಳಿಸ್ಕೊಳ್ಳೋದು ಎಲೆ ಕತ್ತಿ ಹಾಗೆ ಕಿರಿದಾಗಿರೋ ಕತ್ತಿ ಕಂದನ್ನ (ಕಂದು ಅಂದ್ರೆ ಮರಿ), ಅಗಲ ಎಲೆ ಬಿಟ್ಟು ಚೆನ್ನಾಗಿ ಕಾಣೋ ನೀರು ಕಂದಿಗೆ ತಾಯಿಗಡ್ಡೆ ಜೊತೆ ಹಿಡಿತ ಕಮ್ಮಿ, ಅದನ್ನ ತೆಗೀರಿ. ತೆಗೆಯೋದಂದ್ರೆ ಮೇಲೆ ಕೊಯ್ದು ಬಿಡೋದಲ್ಲ, ಬೆಳೆಯೋ ಮೊಳಕೆ ನೆಲದ ಹತ್ರ ಒಳಗಿರುತ್ತೆ, ಅದನ್ನ ಅಗೆದು ತೆಗೀದಿದ್ರೆ ಕೆಲವೇ ದಿನದಲ್ಲಿ ಮತ್ತೆ ಎದ್ದು ನಿಲ್ಲುತ್ತೆ.

ಇನ್ನು ಗೊಬ್ಬರ. ಹೂವು ಹೊರಗೆ ಕಾಣೋಕೆ ತಿಂಗಳುಗಳ ಮುಂಚೆನೇ ಗಿಡದೊಳಗೆ ಅದು ಹುಟ್ಟಿರುತ್ತೆ, ಎಷ್ಟು ಚಿಪ್ಪು ಅನ್ನೋದು ಆಗಲೇ ತೀರ್ಮಾನ ಆಗಿರುತ್ತೆ. ಹೂವು ಬಂದ್ಮೇಲೆ ಹಾಕಿದ ಗೊಬ್ಬರ ಕಾಯಿ ತುಂಬೋಕೆ ಸ್ವಲ್ಪ ಸಹಾಯ ಮಾಡೀತು, ಚಿಪ್ಪಿನ ಲೆಕ್ಕ ಹೆಚ್ಚಿಸಲ್ಲ. ನೆಟ್ಟ ಮೊದಲ ತಿಂಗಳುಗಳಿಂದಲೇ ಸ್ವಲ್ಪ ಸ್ವಲ್ಪವಾಗಿ ಕೊಡ್ತಾ ಬನ್ನಿ, ಕಾಂಪೋಸ್ಟ್ ಜೊತೆ ಪೊಟ್ಯಾಷ್ ಸೇರ್ಲೇಬೇಕು, ಬಾಳೆ ಅತಿ ಹೆಚ್ಚು ಕೇಳೋದು ಅದನ್ನೇ, ಮರದ ಬೂದಿಯಲ್ಲೂ ಅದಿದೆ. ಹೂವು ಬಂದ್ಮೇಲೆ ಆ ಗಿಡ ಹೊಸ ಎಲೆ ಒಂದೂ ಬಿಡಲ್ಲ, ಇರೋ ಎಲೆಗಳೇ ಇಡೀ ಗೊನೆ ತುಂಬ್ಬೇಕು, ಹಾಗಾಗಿ ಆಮೇಲೆ ಹಸಿರೆಲೆ ಕೊಯ್ಯೋದು ಪೂರ್ತಿ ನಿಲ್ಸಿ. ಕೊನೆ ಚಿಪ್ಪು ಬಿಚ್ಚಿಕೊಂಡ್ಮೇಲೆ ತುದಿಯ ಮೂತಿ ಕತ್ತರಿಸಿದ್ರೆ ಒಳ್ಳೇದು.

ಪ್ರಶ್ನೆ: ಗಾಳಿಗೆ ಗಿಡ ಬಿದ್ದು ಅರ್ಧ ಬಲಿತ ಗೊನೆ ಸಿಕ್ಕಿದೆ, ಹಣ್ಣಾಗುತ್ತಾ?

ಉತ್ತರ: ಏಣು ಮುಕ್ಕಾಲು ಭಾಗ ತುಂಬಿದ್ರೆ ಆಗುತ್ತೆ, ತಡವಾಗಿ, ಸಿಹಿಯೂ ಸ್ವಲ್ಪ ಕಮ್ಮಿ. ಇನ್ನೂ ಚೂಪಾಗೇ ಇದ್ರೆ ಹಣ್ಣಿಗೆ ಕಾಯ್ಬೇಡಿ, ಕಾಯಿಯಾಗೇ ಬೇಯಿಸಿ ಬಳಸಿ. ಮುಂದಿನ ಸಲ ಗೊನೆ ಭಾರ ಆಗ್ತಿದ್ದ ಹಾಗೆ ಗಿಡ ವಾಲೋ ಕಡೆ ಕವಲಿರೋ ಕೋಲಿನ ಆಸರೆ ಕೊಡಿ, ಕೋಲು ಕಾಯಿಗೆ ಉಜ್ಜದ ಹಾಗೆ ನೋಡ್ಕೊಳ್ಳಿ.