ಓದುಗರ ಪ್ರಶ್ನೆ: ಟೆಕ್ಸಾಸಿನ ಫ್ರೆಡ್ರಿಕ್ಸ್‌ಬರ್ಗಲ್ಲಿ ನೋಡ್ಲಿಕ್ಕೆ ಎಂತ ಉಂಟು?

ಪ್ರಶ್ನೆ: ನಾನು ರಿಟೈರ್ಡ್ ಕನ್ನಡ ಟೀಚರ್. ಮಗಳು ಆಸ್ಟಿನ್‌ನಲ್ಲಿದ್ದಾಳೆ, ಮಾರ್ಚ್ ಕೊನೆಗೆ ನಾನೂ ಯಜಮಾನರೂ ಮೂರು ತಿಂಗಳಿಗೆ ಹೋಗ್ತೇವೆ. ಮಾಲ್ ಸುತ್ತುವ ಆಸೆ ಇಲ್ಲ. ಹತ್ತಿರದಲ್ಲೇ ಫ್ರೆಡ್ರಿಕ್ಸ್‌ಬರ್ಗ್ ಅಂತ ಹಳೇ ಊರುಂಟಂತೆ, ಹೋಗ್ಬಹುದಾ? ನನಗೆ ಮೊಣಕಾಲು ನೋವು ಬೇರೆ. (ಓದುಗರು, ಬದಿಯಡ್ಕ)

ಉತ್ತರ: ಟೀಚರೇ, ಖಂಡಿತ ಹೋಗಿ, ಒಂದು ರಾತ್ರಿ ಅಲ್ಲೇ ಉಳ್ಕೊಳ್ಳುವ ಹಾಗೆ ಹೋಗಿ. ಆಸ್ಟಿನ್‌ನಿಂದ ಸುಮಾರು 80 ಮೈಲಿ, ಕಾರಲ್ಲಿ ಒಂದೂವರೆ ಗಂಟೆ. ನೀವು ಹೋಗುವ ಹೊತ್ತಿಗೆ ದಾರಿ ಬದಿ ಪೂರ್ತಿ ಬ್ಲೂಬಾನೆಟ್ ಅನ್ನುವ ನೀಲಿ ಹೂ ಇರ್ತದೆ. ನಾನು ಮಗನ ಮನೆಗೆ ಹೋದಾಗ ಎರಡು ಸಲ ಹೋಗಿ ಬಂದೆ, ಎರಡನೇ ಸಲ ನಾನೇ ಹಠ ಹಿಡಿದು ಹೊರಡಿಸಿದ್ದು.

1846ರಲ್ಲಿ ಜರ್ಮನಿಯಿಂದ ಹಡಗು ಹತ್ತಿ ಬಂದವರು ಕಟ್ಟಿದ ಊರು ಅದು. ಮರುವರ್ಷವೇ ಅವರ ಮುಖಂಡ ಮಾಯ್ಸೆಬಾಖ್ ಅಲ್ಲಿಯ ಮೂಲನಿವಾಸಿ ಕೊಮಾಂಚಿ ಜನರ ಹತ್ರ ಹೋಗಿ ಕೂತು ಮಾತಾಡಿ ಒಪ್ಪಂದ ಮಾಡ್ಕೊಂಡ, ಆ ಮಾತು ಮುರಿದು ಬೀಳಲಿಲ್ಲ ಅಂತ ಊರವರು ಇವತ್ತೂ ಹೆಮ್ಮೆಯಿಂದ ಹೇಳ್ತಾರೆ. ಮೇನ್ ಸ್ಟ್ರೀಟ್ ಎಷ್ಟು ಅಗಲ ಅಂದ್ರೆ ಎತ್ತಿನ ಗಾಡಿ ಪೂರ್ತಿ ತಿರುಗಿಸ್ಲಿಕ್ಕೆ ಆಗ್ಬೇಕು ಅಂತ ಬಿಟ್ಟ ಜಾಗವಂತೆ. ಕೋರ್ಟ್ ಹತ್ರದಿಂದ ಪೂರ್ವಕ್ಕೆ ನಡೀತಾ ಅಡ್ಡರಸ್ತೆಗಳ ಹೆಸರಿನ ಮೊದಲ ಅಕ್ಷರ ಕೂಡಿಸ್ಕೊಂಡು ಹೋಗಿ, 'ಆಲ್ ವೆಲ್ಕಮ್' ಅಂತ ಆಗ್ತದೆ, ಪಶ್ಚಿಮಕ್ಕೆ ಹೋದ್ರೆ 'ಕಮ್ ಬ್ಯಾಕ್'. ನನ್ನ ಮೊಮ್ಮಗಳು ಒಂದೊಂದು ಬೋರ್ಡಿನ ಕೆಳಗೆ ನಿಂತು ಜೋರಾಗಿ ಓದಿಸಿದಳು.

ಅಲ್ಲೇ ಚೌಕದಲ್ಲಿ ಎಂಟು ಮೂಲೆಯ ಒಂದು ಕಟ್ಟಡ ಉಂಟು, ಫೆರೈನ್ಸ್ ಕಿರ್ಖೆ ಅಂತ. 1847ರಲ್ಲಿ ಕಟ್ಟಿದ್ದು ಅದೇ ಇಗರ್ಜಿ, ಅದೇ ಶಾಲೆ, ಅದೇ ಕೋಟೆ ಎಲ್ಲ ಆಗಿತ್ತು, ಈಗ ಇರುವುದು 1935ರಲ್ಲಿ ಅದೇ ನಮೂನೆಯಲ್ಲಿ ಪುನಃ ಕಟ್ಟಿದ್ದು. ಆಕಾರ ನೋಡಿ ಊರವರು ಇಟ್ಟ ಅಡ್ಡಹೆಸರು ಕಾಫಿ ಬೀಸುವ ಮಿಲ್ಲು! ಪಯೊನಿಯರ್ ಮ್ಯೂಸಿಯಮ್ಮಿನಲ್ಲಿ 'ಸಂಡೇ ಹೌಸ್' ಮರೀದೆ ನೋಡಿ. ದೂರದ ರೈತರು ಶನಿವಾರ ಸಂತೆಗೆ, ಭಾನುವಾರ ಪ್ರಾರ್ಥನೆಗೆ ಬಂದು ಉಳಿಯಲಿಕ್ಕೆ ಪೇಟೆಯಲ್ಲಿ ಕಟ್ಟಿಕೊಂಡ ಪುಟ್ಟ ಮನೆ, ಮಕ್ಕಳು ಮಲಗುವ ಅಟ್ಟಕ್ಕೆ ಹೊರಗಿನಿಂದ ಮೆಟ್ಟಿಲು.

ಯುದ್ಧದ ಮ್ಯೂಸಿಯಂ ದೊಡ್ಡದು, ಅರ್ಧ ದಿನ ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪೆಸಿಫಿಕ್ ನೌಕಾಪಡೆ ನಡೆಸಿದ ಅಡ್ಮಿರಲ್ ನಿಮಿಟ್ಜ್ 1885ರಲ್ಲಿ ಹುಟ್ಟಿದ್ದು ಈ ಊರಲ್ಲೇ. ಪರ್ಲ್ ಹಾರ್ಬರ್ ದಾಳಿಗೆ ಬಂದ ಜಪಾನಿನ ಸಣ್ಣ ಸಬ್‌ಮರೀನ್ ಅಲ್ಲುಂಟು. ಆದ್ರೆ ನನಗೆ ಮನಸ್ಸಿಗೆ ತಾಗಿದ್ದು ಹಿಂದುಗಡೆಯ ಶಾಂತಿ ತೋಟ, 1976ರಲ್ಲಿ ಜಪಾನಿನವರೇ ಕೊಟ್ಟದ್ದು. ಕಾಲು ನೋವಾದ್ರೆ ಅಲ್ಲಿ ಕೂತ್ಕೊಳ್ಳಿ.

ಟೀಚರ್ ಆದವರು ತಪ್ಪಿಸ್ಬಾರದ ಜಾಗ 15 ಮೈಲಿ ಪೂರ್ವಕ್ಕೆ ಸ್ಟೋನ್‌ವಾಲ್‌ನಲ್ಲುಂಟು, ಅಮೆರಿಕದ 36ನೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ತೋಟ. ಪಕ್ಕದಲ್ಲೇ ಅವರು ನಾಲ್ಕು ವರ್ಷದವರಿರುವಾಗ ಹೋದ ಸಣ್ಣ ಶಾಲೆ. 1965ರಲ್ಲಿ ಶಾಲೆಗಳಿಗೆ ಸರ್ಕಾರದ ದುಡ್ಡು ಕೊಡುವ ದೊಡ್ಡ ಕಾನೂನಿಗೆ ಅವರು ಸಹಿ ಹಾಕಿದ್ದು ಆ ಶಾಲೆಯ ಎದುರು, ಮೊದಲು ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸ್ಕೊಂಡು. ನಾನು ಅಲ್ಲಿ ನಿಂತಾಗ ನನ್ನ ಒಂದನೇ ಕ್ಲಾಸಿನ ಟೀಚರ್ ನೆನಪಾಗಿ ಕಣ್ಣು ತುಂಬಿತು.

ಉತ್ತರಕ್ಕೆ ಎನ್‌ಚಾಂಟೆಡ್ ರಾಕ್ ಅಂತ ಗುಲಾಬಿ ಗ್ರಾನೈಟಿನ ಬೋಳು ಬೆಟ್ಟ, ಬುಡದಿಂದ 425 ಅಡಿ. ನಿಮ್ಮ ಮೊಣಕಾಲಿಗೆ ಹತ್ತುವುದು ಬೇಡ, ಕೆಳಗಿಂದ ನೋಡಿದ್ರೂ ಸಾಕು. ಯಜಮಾನರು ಹತ್ತಿದ್ರೆ ಮೇಲಿನ ಹೊಂಡ ನೋಡ್ಲಿಕ್ಕೆ ಹೇಳಿ. ನಮ್ಮ ಮುರಕಲ್ಲು ಪಾರೆಯ ಮೇಲೆ ಮಳೆಗಾಲದಲ್ಲಿ ನೀರು ನಿಂತು ಪಳ್ಳ ಆಗ್ತದಲ್ಲ, ಹಾಗೇ ಅಲ್ಲಿಯೂ ಬಂಡೆಯ ಗುಂಡಿಯಲ್ಲಿ ಮಳೆನೀರು ನಿಲ್ತದೆ, ಅದರಲ್ಲಿ ಪಾರದರ್ಶಕ ಸಣ್ಣ ಸಿಗಡಿಯಂಥ ಜೀವಿಗಳು ಹುಟ್ತವೆ, ನೀರು ಒಣಗಿದ್ರೆ ಮೊಟ್ಟೆ ಮಣ್ಣಲ್ಲೇ ಕಾದು ಕೂತಿರ್ತದೆ. ಆ ಗುಂಡಿಗೆ ಕಾಲು ಹಾಕ್ಬಾರ್ದು. ವಾರದ ಕೊನೆಗೆ ಹೋಗುದಾದ್ರೆ ಪಾಸ್ ಮೊದಲೇ ಬುಕ್ ಮಾಡಿ, ಜನ ತುಂಬಿದ್ರೆ ಗೇಟು ಹಾಕ್ತಾರೆ.

ಊಟದ್ದು ಮಾತ್ರ ನಿಮಗೆ ಕಷ್ಟ, ಎಲ್ಲಿ ನೋಡಿದ್ರೂ ಸಾಸೇಜ್. ಬುತ್ತಿ ಕಟ್ಕೊಂಡು ಹೋಗಿ. ಮೇ ಕಳೆದ ಮೇಲೂ ಅಲ್ಲಿದ್ರೆ ದಾರಿಬದಿ ಪೀಚ್ ಹಣ್ಣು ಸಿಗ್ತದೆ, ಬಿಡ್ಬೇಡಿ.

ಪ್ರಶ್ನೆ: ಆ ಊರಲ್ಲಿ ಈಗಲೂ ಜರ್ಮನ್ ಮಾತಾಡ್ತಾರಾ? ನಮ್ಮ ಕಾಸರಗೋಡಿನ ಕನ್ನಡದ ಗತಿ ನೋಡಿ ಕೇಳಿದ್ದು. (ಓದುಗರು, ಮಂಜೇಶ್ವರ)

ಉತ್ತರ: ಬೋರ್ಡಿನಲ್ಲಿ 'ವಿಲ್ಕಮನ್' ಉಂಟು, ಬಾಯಲ್ಲಿ ತುಂಬಾ ಕಡಿಮೆ, ವಯಸ್ಸಾದ ಕೆಲವರು ಮಾತ್ರ. ಒಂದು ಕಾಲಕ್ಕೆ ಮನೆ, ಇಗರ್ಜಿ, ಶಾಲೆ, ಪತ್ರಿಕೆ ಎಲ್ಲ ಜರ್ಮನ್. ಅವರದ್ದೇ ಶಬ್ದಗಳೂ ಹುಟ್ಟಿದ್ವು, ಅಲ್ಲಿಯ ಸ್ಕಂಕ್ ಅನ್ನುವ ಪ್ರಾಣಿಗೆ 'ನಾರುವ ಬೆಕ್ಕು', ವಿಮಾನಕ್ಕೆ 'ಗಾಳಿ ಹಡಗು'. ಮೊದಲ ಮಹಾಯುದ್ಧ ಬಂತು, ಜರ್ಮನ್ ಅಂದ್ರೆ ವೈರಿಯ ಭಾಷೆ ಅಂತಾಯ್ತು, 1918ರಲ್ಲಿ ಶಾಲೆಯಲ್ಲಿ ಇಂಗ್ಲಿಷೇ ಆಗ್ಬೇಕು ಅಂತ ಕಾನೂನು, ಆಮೇಲೆ ಎರಡನೇ ಯುದ್ಧ, ಕೊನೆಗೆ ಅಪ್ಪ ಅಮ್ಮಂದಿರೇ ಮಕ್ಕಳ ಹತ್ರ ಮಾತಾಡುದು ಬಿಟ್ರು. 2001ರಿಂದ ಆಸ್ಟಿನ್‌ನ ವಿಶ್ವವಿದ್ಯಾಲಯದವರು ಆ ಹಿರಿಯರ ಮಾತು ರೆಕಾರ್ಡ್ ಮಾಡಿ ಇಡ್ತಿದ್ದಾರೆ.

1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಕೊಡಿ ಅಂದದ್ದು, ಆಗದೇ ಉಳಿದದ್ದು ಎಲ್ಲ ನಿಮಗೆ ಗೊತ್ತುಂಟು. ಆದ್ರೆ ನಮ್ಮಲ್ಲಿ ಕನ್ನಡ ಮೀಡಿಯಂ ಶಾಲೆಗಳು ಇನ್ನೂ ಉಂಟು. ಗೋವಿಂದ ಪೈಗಳ ಮನೆ ನಿಮ್ಮೂರಲ್ಲೇ ಉಂಟು, ಮಕ್ಕಳನ್ನು ಅಲ್ಲಿಗೊಮ್ಮೆ ಕರ್ಕೊಂಡು ಹೋಗಿ, ಆಮೇಲೆ ಮನೆಗೆ ಬಂದು ಊಟಕ್ಕೆ ಕೂತಾಗ ಅದರ ಬಗ್ಗೆ ಕನ್ನಡದಲ್ಲೇ ಮಾತಾಡಿ.

ಪ್ರಶ್ನೆ: ಫ್ರೆಡ್ರಿಕ್ಸ್‌ಬರ್ಗಿನ ಹತ್ರ ಲಕ್ಷಗಟ್ಟಲೆ ಬಾವಲಿ ಹಾರುದು ಹೌದಾ? (ಓದುಗರು, ಕುಂಬಳೆ)

ಉತ್ತರ: ಹೌದು. ಊರಿಂದ ದಕ್ಷಿಣಕ್ಕೆ ಓಲ್ಡ್ ಟನಲ್ ಅಂತ, 1942ರಲ್ಲಿ ನಿಂತು ಹೋದ ರೈಲಿನ ಸುರಂಗ. ಮೇಯಿಂದ ಅಕ್ಟೋಬರ್ ತನಕ 30 ಲಕ್ಷದವರೆಗೆ ಇರ್ತಾವೆ, ಕತ್ತಲಾಗುವ ಹೊತ್ತಿಗೆ ಹೊಗೆ ಎದ್ದ ಹಾಗೆ ಸುತ್ತಿ ಸುತ್ತಿ ಹೊರಗೆ ಬರ್ತಾವೆ. ಸಂಜೆ ಬೇಗ ಹೋಗಿ ಜಾಗ ಹಿಡೀರಿ.